ವೇಲ್ಸ್ ಕೋಟೆಗಳ ನೆರಳಿನಲ್ಲಿ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಮೇಷ್ಟ್ರೇ, ಬೇಸಿಗೆಯಲ್ಲಿ ಸಂಸಾರಸಮೇತ ಬ್ರಿಟನ್ನಿಗೆ ಹೊರಟಿದ್ದೇವೆ. ಲಂಡನ್ ಬಿಟ್ಟರೆ ನೋಡತಕ್ಕದ್ದೇನಿದೆ?" ಎಂದು ಕೇಳಿದ. ವೇಲ್ಸ್ ನಾಡನ್ನು ನೋಡಿ ಬಾ ಎಂದೆ. ಫೋನಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರ ಕೊನೆಯ ಭಾಗ ಮಾತ್ರ ಅವನೊಬ್ಬನಿಗಲ್ಲ, ನನ್ನ ಕೈಕೆಳಗೆ ಓದಿದ ಇನ್ನೂ ಕೆಲವರಿಗೆ.

2019ರ ಜೂನ್ ತಿಂಗಳಲ್ಲಿ ಮ್ಯಾಂಚೆಸ್ಟರಿನ ಮಗಳ ಮನೆಯಲ್ಲಿದ್ದಾಗ, ನಾನೂ ನನ್ನ ಪತ್ನಿಯೂ ಐದು ದಿನ ವೇಲ್ಸಿನಲ್ಲಿ ಸುತ್ತಾಡಿದೆವು. 'ವೇಲ್ಸ್' ಎಂಬುದು ಹೊರಗಿನವರು ಕೊಟ್ಟ ಹೆಸರು. ಅದರ ಮೂಲದಲ್ಲಿ 'ಪರಕೀಯರು' ಎಂಬ ಅರ್ಥವಿದೆ. ಅಲ್ಲಿಯ ಜನ ತಮ್ಮ ನಾಡನ್ನು 'ಕಮ್ರಿ' ಎನ್ನುತ್ತಾರೆ. ಒಂದೇ ನಾಡಿನವರು ಎಂಬ ಭಾವ ಆ ಹೆಸರಿನಲ್ಲಿದೆ. ಸ್ವಂತ ನೆಲದಲ್ಲೇ ಪರಕೀಯರೆನಿಸಿಕೊಂಡ ಈ ಜನರ ಕಥೆ ತಿಳಿಯದೆ ಅಲ್ಲಿಯ ಕೋಟೆಗಳನ್ನು ನೋಡಿದರೆ ಕಲ್ಲನ್ನಷ್ಟೇ ನೋಡಿದಂತಾಗುತ್ತದೆ.

ಮೊದಲು ನೋಡಬೇಕಾದದ್ದು ಕಾನ್ವಿ. ರೈಲು ಕೋಟೆಯ ಬುಡದಲ್ಲೇ ಸಾಗಿ ಊರಗೋಡೆಯ ಒಳಗೆ ನಿಲ್ಲುತ್ತದೆ. ವೇಲ್ಸಿನ ದೊರೆ ಲೆವೆಲಿನ್ 1282ರ ಡಿಸೆಂಬರಿನಲ್ಲಿ ಹತನಾದ ಮೇಲೆ, ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ 1283ರಲ್ಲಿ ಇದನ್ನು ಕಟ್ಟಿಸಲಾರಂಭಿಸಿದ. ನಾಲ್ಕೇ ವರ್ಷಗಳಲ್ಲಿ ಎಂಟು ಗೋಪುರಗಳ ಕೋಟೆಯೂ, ಊರ ಸುತ್ತ 1.3 ಕಿಲೋಮೀಟರ್ ಉದ್ದದ, 21 ಬುರುಜುಗಳ ಗೋಡೆಯೂ ಎದ್ದುನಿಂತವು. ಅದೇ ಜಾಗದಲ್ಲಿ ವೇಲ್ಸ್ ಅರಸರು ಗೌರವಿಸುತ್ತಿದ್ದ ಒಂದು ಕ್ರೈಸ್ತ ಮಠವಿತ್ತು. ಅದನ್ನು ಬೇರೆಡೆಗೆ ಕಳುಹಿಸಿ ಕೋಟೆ ಕಟ್ಟಲಾಯಿತು. ಗೋಡೆಯೊಳಗಿನ ಊರು ಇಂಗ್ಲೆಂಡಿನಿಂದ ಬಂದು ನೆಲೆಸಿದವರಿಗೆ ಮೀಸಲಾಯಿತು. ಊರಗೋಡೆಯ ಮೇಲೆ ಇಂದಿಗೂ ನಡೆಯಬಹುದು. ಮೊಣಕಾಲು ನೋವಿರುವವರು ಮೆಟ್ಟಿಲುಗಳ ಬಗ್ಗೆ ಎಚ್ಚರವಾಗಿರಬೇಕು.

ಎರಡನೆಯದು ಕೈರ್ನಾರ್ವನ್. ಬಣ್ಣಬಣ್ಣದ ಕಲ್ಲಿನ ಪಟ್ಟಿಗಳೂ ಬಹುಕೋನದ ಗೋಪುರಗಳೂ ಉಳ್ಳ ಈ ಕೋಟೆ ಕಾನ್‌ಸ್ಟಾಂಟಿನೋಪಲ್ಲಿನ ಗೋಡೆಗಳನ್ನು ನೆನಪಿಸುತ್ತದೆಂದು ಬಲ್ಲವರು ಹೇಳುತ್ತಾರೆ. ಎಡ್ವರ್ಡನ ಮಗ 1284ರಲ್ಲಿ ಇಲ್ಲಿ ಹುಟ್ಟಿದ. ಈಗಿನ ದೊರೆ ಚಾರ್ಲ್ಸರಿಗೆ ಯುವರಾಜ ಪಟ್ಟ ಕಟ್ಟಿದ್ದು 1969ರಲ್ಲಿ ಇಲ್ಲಿಯೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋಟೆಯ ಹೊರಗಿನ ಸಂತೆಬೀದಿ. ತರಕಾರಿ ಮಾರುವವನೂ ಶಾಲೆಯ ಮಕ್ಕಳೂ ಬಸ್ಸಿನ ಚಾಲಕನೂ ಮಾತನಾಡುತ್ತಿದ್ದುದು ವೆಲ್ಷ್ ಭಾಷೆಯನ್ನೇ. ಯಾರನ್ನು ಅಡಗಿಸಲು ಈ ಗೋಡೆಗಳು ಎದ್ದವೋ ಅವರ ಮಾತು ಏಳು ಶತಮಾನಗಳ ನಂತರ ಅದೇ ಗೋಡೆಗಳ ನೆರಳಿನಲ್ಲಿ ಕೇಳಿಬರುತ್ತಿತ್ತು.

ಬಿಡುವಿದ್ದವರು ಬ್ಯೂಮಾರಿಸ್ ಮತ್ತು ಹಾರ್ಲೆಕ್ ಕೋಟೆಗಳನ್ನೂ ನೋಡಬಹುದು. 1295ರಲ್ಲಿ ಪ್ರಾರಂಭವಾದ ಬ್ಯೂಮಾರಿಸ್ ಹಣ ಸಾಲದೆ ಅಪೂರ್ಣವಾಗಿಯೇ ಉಳಿಯಿತು. ಹಾರ್ಲೆಕ್ ಕೋಟೆಯನ್ನು ಬಂಡೆದ್ದ ಒವೈನ್ ಗ್ಲಿಂಡೂರ್ 1404ರಲ್ಲಿ ವಶಪಡಿಸಿಕೊಂಡು 1409ರವರೆಗೆ ಉಳಿಸಿಕೊಂಡಿದ್ದ. ಈ ನಾಲ್ಕೂ ಕೋಟೆಗಳು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಕೋಟೆಗಳಿಂದ ದಣಿದ ಕಣ್ಣಿಗೆ ಬೆಟ್ಟ ಬೇಕು. ಲ್ಯಾನ್‌ಬೆರಿಸ್ ಎಂಬ ಊರಿನಿಂದ 1896ರಲ್ಲಿ ಹಾಕಿದ ಹಲ್ಲುಹಳಿಯ ಪುಟ್ಟ ರೈಲು, 1085 ಮೀಟರ್ ಎತ್ತರದ ಸ್ನೋಡನ್ ಶಿಖರದ ಕಡೆಗೆ ಏರುತ್ತದೆ. ನಮ್ಮ ಮುಳ್ಳಯ್ಯನಗಿರಿಗಿಂತ ಬಹಳ ಕುಳ್ಳ. ಆದರೂ ಮಂಜು ಮತ್ತು ಗಾಳಿ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಬೆಚ್ಚನೆಯ ಉಡುಪು ಅಗತ್ಯ. 1953ರ ಎವರೆಸ್ಟ್ ತಂಡದವರು ಈ ಬೆಟ್ಟಗಳಲ್ಲೇ ಅಭ್ಯಾಸ ಮಾಡಿದ್ದರು. ನಾವು ಹೋಗಿ ಬಂದ ಮೇಲೆ, 2022ರಲ್ಲಿ, ಅಲ್ಲಿಯ ರಾಷ್ಟ್ರೀಯ ಉದ್ಯಾನದ ಆಡಳಿತವು ಈ ಬೆಟ್ಟವನ್ನು 'ಅರ್ ವಿದ್ವಾ' ಎಂಬ ವೆಲ್ಷ್ ಹೆಸರಿನಿಂದಲೇ ಕರೆಯಲು ತೀರ್ಮಾನಿಸಿತು.

ಕೊನೆಯ ದಿನ ವೆಲ್ಷ್‌ಪೂಲ್ ಊರಿನ ಸಮೀಪದ ಪೊವಿಸ್ ಕೋಟೆಗೆ ಹೋದೆವು. ಇದು ವೇಲ್ಸಿನ ರಾಜಮನೆತನವೊಂದು ಕಟ್ಟಿದ ಕೆಂಗಲ್ಲಿನ ಕೋಟೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅದರ ತೋಟ ಅತಿ ಸುಂದರ. ಮುಂದೆ ಇದು ರಾಬರ್ಟ್ ಕ್ಲೈವನ ಮಗ ಎಡ್ವರ್ಡನ ವಂಶಕ್ಕೆ ಬಂತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದವನು ಈತನೇ. ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿಮುಖಗಳಲ್ಲಿ ಒಂದೂ, ಹೂಬಳ್ಳಿಗಳ ಚೀಟಿ ಬಟ್ಟೆಯ ಅವನ ಡೇರೆಯೂ ಇಲ್ಲಿಯ ಸಂಗ್ರಹದಲ್ಲಿವೆ. ಮೂವತ್ತು ವರ್ಷ ಶ್ರೀರಂಗಪಟ್ಟಣದ ಪಾಠ ಮಾಡಿದವನಿಗೆ ಅಲ್ಲಿ ಮನಸ್ಸು ಕುದಿಯಿತು. ಪರರ ಸೊತ್ತನ್ನು ಹೀಗೆ ಹೊತ್ತುತರಬಹುದೇ ಎಂದು ದಾರಿಯುದ್ದಕ್ಕೂ ಪತ್ನಿಯೊಡನೆ ಹೇಳುತ್ತಲೇ ಬಂದೆ.

ಮರಳುವ ರೈಲಿನಲ್ಲಿ ಎದುರಿಗೆ ಕುಳಿತಿದ್ದ ವೃದ್ಧೆಯೊಬ್ಬರು ನಮ್ಮ ಮಾತು ಕೇಳಿ, ಅದು ಯಾವ ಭಾಷೆ ಎಂದು ವಿಚಾರಿಸಿದರು. ಅವರೂ ನಿವೃತ್ತ ಶಿಕ್ಷಕಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ನಾಡಿನ ಹಲವು ಶಾಲೆಗಳಲ್ಲಿ, ವೆಲ್ಷ್ ಮಾತನಾಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡನ್ನು ಕಟ್ಟುತ್ತಿದ್ದರಂತೆ. ಆ ಮಗು ಇನ್ನೊಬ್ಬರನ್ನು ಹಿಡಿದುಕೊಟ್ಟರೆ ತುಂಡು ಅವರ ಕೊರಳಿಗೆ ಹೋಗುತ್ತಿತ್ತು. ದಿನದ ಕೊನೆಗೆ ಯಾರ ಕೊರಳಲ್ಲಿರುತ್ತದೋ ಅವರಿಗೆ ಏಟು. "ಇದನ್ನು ಮಾಡಿದವರು ಸೈನಿಕರಲ್ಲ, ನಮ್ಮಂಥ ಶಿಕ್ಷಕರು. ಮಕ್ಕಳಿಗೆ ಒಳ್ಳೆಯದಾಗಲೆಂದೇ ಮಾಡಿದರು" ಎಂದರು.

ನಾನು ಉತ್ತರ ಕೊಡಲಿಲ್ಲ. ನನ್ನ ಸೇವೆಯ ಆರಂಭದಲ್ಲಿ ಕೆಲಸ ಮಾಡಿದ ಒಂದು ಶಾಲೆಯ ಇಂಗ್ಲಿಷ್ ವಿಭಾಗದಲ್ಲಿ, ಕನ್ನಡ ಮಾತನಾಡಿದವರಿಗೆ ಹತ್ತು ಪೈಸೆ ದಂಡವಿತ್ತು. ಹೆಸರು ಬರೆದುಕೊಳ್ಳುವ ಪುಸ್ತಕ ನನ್ನ ಬಳಿಯೇ ಇರುತ್ತಿತ್ತು. ಹಳ್ಳಿಯಿಂದ ಬಂದ ಒಬ್ಬ ಹುಡುಗ ದಂಡಕ್ಕೆ ಹೆದರಿ ತಿಂಗಳುಗಟ್ಟಲೆ ಬಾಯಿಯನ್ನೇ ತೆರೆಯಲಿಲ್ಲ. ಅವನ ಪ್ರಗತಿಪತ್ರದಲ್ಲಿ ನಾನು 'ಸಂಕೋಚ ಸ್ವಭಾವ' ಎಂದು ಬರೆದೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ.

ವೇಲ್ಸಿನ ಸರ್ಕಾರಿ ಶಾಲೆಗಳಲ್ಲಿ ಇಂದು 16ನೆಯ ವಯಸ್ಸಿನವರೆಗೆ ವೆಲ್ಷ್ ಕಲಿಕೆ ಕಡ್ಡಾಯವಾಗಿದೆ. 2021ರ ಜನಗಣತಿಯಂತೆ ಅದನ್ನು ಆಡಬಲ್ಲವರು ಶೇಕಡಾ 17.8 ಮಾತ್ರ. ಕಳೆದುಕೊಂಡದ್ದನ್ನು ಮರಳಿ ಪಡೆಯುವುದು ಎಷ್ಟು ಕಠಿಣವೆಂಬುದಕ್ಕೆ ಈ ಅಂಕಿಯೇ ಸಾಕ್ಷಿ.

ಆದ್ದರಿಂದ ವೇಲ್ಸಿಗೆ ಹೊರಟವನೇ, ಕೋಟೆಗಳನ್ನು ನೋಡು. ಹೊರಗೆ ಬಂದು ಸಂತೆಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತು ಜನರ ಮಾತನ್ನೂ ಕೇಳು. ನಿನ್ನ ಮಕ್ಕಳನ್ನೂ ಕೇಳಿಸಿಕೊಳ್ಳಲು ಬಿಡು. ಇನ್ನು, ಆ ತರಗತಿಯಲ್ಲಿ ಹತ್ತು ಪೈಸೆ ಕೊಟ್ಟ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮೇಷ್ಟ್ರನ್ನು ಕ್ಷಮಿಸಿ. ಮನೆಯ ಕಡೆ ಬಂದಾಗ ಕನ್ನಡದಲ್ಲಿ ಮಾತನಾಡೋಣ.