ಅಳತೆಗೆ ಹೊಲಿಸಿದ ಸೈಕಲ್: ಮುಂಬೈ, ರೇಸು ಮತ್ತು ಒಂದು ಫ್ರೇಮಿನ ಕತೆ

ಮುಂಬೈಯ ವರ್ಳಿಯಲ್ಲಿ ಹಿಂದ್ ಸೈಕಲ್ ರೋಡ್ ಅಂತ ಒಂದು ರಸ್ತೆ ಇದೆ. ಆ ಕಡೆ ಆಫೀಸು ಇರೋ ನಮ್ಮವರು ಆ ಹೆಸರು ಕೇಳಿರ್ತೀರಿ, ಕ್ಯಾಬ್ ಬುಕ್ ಮಾಡುವಾಗ ಮ್ಯಾಪಿನಲ್ಲೂ ನೋಡಿರ್ತೀರಿ. ಅದು ಯಾವುದೋ ಅಂಗಡಿಯ ಹೆಸರಲ್ಲ. ಅಲ್ಲಿ ಹಿಂದ್ ಸೈಕಲ್ಸ್ ಅನ್ನೋ ದೊಡ್ಡ ಕಾರ್ಖಾನೆ ಇತ್ತು. ಭಾರತದಲ್ಲಿ ಮೊದಮೊದಲು ಸೈಕಲ್ ತಯಾರಿಸಿದ ಕಂಪನಿಗಳಲ್ಲಿ ಅದೂ ಒಂದು.

ಇವತ್ತಿನ ಮಾತು ಅಲ್ಲಿಂದ ಶುರು ಮಾಡೋದಕ್ಕೆ ಕಾರಣ ಇದೆ. ವೀಕೆಂಡ್‌ನಲ್ಲಿ ನವಿ ಮುಂಬೈಯ ಪಾಮ್ ಬೀಚ್ ರಸ್ತೆಯಲ್ಲಿ ಸೈಕಲ್ ಹೊಡೆಯೋರು ಈಗ ತುಂಬಾ ಜನ. ಅವರಲ್ಲಿ ಕೆಲವರಿಗೆ ಒಂದು ಹಂತ ದಾಟಿದ ಮೇಲೆ ಒಂದೇ ಪ್ರಶ್ನೆ: ನನ್ನ ಮೈಯಳತೆಗೇ ಮಾಡಿಸಿದ ರೇಸಿಂಗ್ ಫ್ರೇಮು ಕೈಗೆಟಕುವ ಬೆಲೆಗೆ ಸಿಗುತ್ತಾ? ಲಕ್ಷಗಟ್ಟಲೆ ಕೊಟ್ಟು ತಂದ ಕಾರ್ಬನ್ ಸೈಕಲ್ ಮೇಲೆ ಕೂತು ಕತ್ತು, ಸೊಂಟ ಹಿಡ್ಕೊಂಡವರು ಕೇಳೋ ಪ್ರಶ್ನೆ ಇದು. ಸೈಕಲ್ ಇಷ್ಟೊಂದು ಅಗ್ಗವಾಗಿ, ಇಷ್ಟೊಂದು ತಯಾರಾಗೋ ದೇಶದಲ್ಲಿ ಈ ಪ್ರಶ್ನೆಗೆ ಉತ್ತರ ಯಾಕೆ ಕಷ್ಟ? ಅದಕ್ಕೆ ಇತಿಹಾಸ ನೋಡಬೇಕು.

ಮುಂಬೈಗೆ ಸೈಕಲ್ ಹುಚ್ಚು ಹೊಸದಲ್ಲ. 1923ರ ಅಕ್ಟೋಬರ್‌ನಲ್ಲಿ ಈ ಊರಿನ ಆರು ಜನ ಪಾರ್ಸಿ ಹುಡುಗರು ಸೈಕಲ್ ಹತ್ತಿ ಪ್ರಪಂಚ ಸುತ್ತೋಕೆ ಹೊರಟರು. ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭೂಮಗರಾ, ಈ ಮೂವರು ನಾಲ್ಕೂವರೆ ವರ್ಷ ತುಳಿದು 1928ರ ಮಾರ್ಚ್‌ನಲ್ಲಿ ವಾಪಸ್ ಬಂದರು. ಸುಮಾರು 71,000 ಕಿಲೋಮೀಟರ್! 1938ರಲ್ಲಿ ಸಿಡ್ನಿಯ ಬ್ರಿಟಿಷ್ ಎಂಪೈರ್ ಗೇಮ್ಸ್‌ಗೆ ಹೋದ ಸೈಕಲ್ ಪಟು ಜಾನಕಿದಾಸ್ (ಹೌದು, ಹಿಂದಿ ಸಿನಿಮಾದ ನಟ ಜಾನಕಿದಾಸ್ ಅವರೇ) 1946ರಲ್ಲಿ ಮುಂಬೈಯ ಸೊಹ್ರಾಬ್ ಭೂತ್ ಜೊತೆ ಸೇರಿ ರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಕಟ್ಟಿದರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತದ ಸೈಕಲ್ ತಂಡದಲ್ಲೂ ಪಾರ್ಸಿ ಹೆಸರುಗಳು ಎದ್ದು ಕಾಣುತ್ತವೆ.

ಇದೇ ಹೊತ್ತಿಗೆ, 1945ರಲ್ಲಿ, ಮುಂಬೈ–ಪುಣೆ ಸೈಕಲ್ ರೇಸು ಶುರುವಾಯಿತು. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಲ್ಲಿ ಹೋಗುವಾಗ ನಮಗೆ ಘಾಟು ಗೊತ್ತೇ ಆಗಲ್ಲ. ಹಳೇ ರಸ್ತೆಯಲ್ಲಿ ಖೋಪೋಲಿ ದಾಟಿದ ಮೇಲೆ ಭೋರ್ ಘಾಟ್ ಏರೋದಿದೆಯಲ್ಲ, ಅದು ಕಾಲಿನ ಜೊತೆ ಸೈಕಲನ್ನೂ ಪರೀಕ್ಷೆ ಮಾಡುತ್ತೆ. ಘಾಟನ್ನು ಮೊದಲು ಏರಿದವನಿಗೆ ಮರಾಠಿಯಲ್ಲಿ ‘ಘಾಟಾಚಾ ರಾಜಾ’ ಅಂತ ಬಿರುದು. ರೇಸ್ ಗೆಲ್ಲದೇ ಇದ್ದರೂ ಪರವಾಗಿಲ್ಲ, ಘಾಟಿನ ರಾಜ ಆಗಬೇಕು ಅನ್ನೋರಿದ್ದರು.

ನಮ್ಮವರಿಗೂ ಈ ಕತೆಗೂ ಸಂಬಂಧ ಇದೆ. 1956ರ ನವೆಂಬರ್ 1ರವರೆಗೆ ಬಿಜಾಪುರ, ಬೆಳಗಾವಿ, ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬೈ ರಾಜ್ಯದಲ್ಲೇ ಇದ್ದವು. ರಾಜ್ಯ ಬದಲಾಯಿತು, ಸೈಕಲ್ ಹುಚ್ಚು ಆ ಕಡೆ ಹಾಗೇ ಉಳೀತು. ಇವತ್ತಿಗೂ ಕರ್ನಾಟಕದ ಸೈಕಲ್ ಪಟುಗಳು ಅಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಗದಗ ಕಡೆಯ ರೈತರ ಮಕ್ಕಳೇ ಹೆಚ್ಚು. ರಾಮದುರ್ಗ ತಾಲೂಕಿನ ಚಂದರಗಿ ಕ್ರೀಡಾ ಶಾಲೆ, ವಿಜಯಪುರ, ಬಾಗಲಕೋಟೆಯ ಕ್ರೀಡಾ ನಿಲಯಗಳು, ಇಲ್ಲಿಂದ ಬಂದವರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಊರ ಜಾತ್ರೆಯಲ್ಲಿ ಸಾದಾ ಸೈಕಲ್ ಮೇಲೆ ರೇಸ್ ಹೊಡೆದು ಈ ಆಟಕ್ಕೆ ಬಂದವರು ಎಷ್ಟೋ ಮಂದಿ.

ಆ ಸಾದಾ ಸೈಕಲನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಕಪ್ಪು ಬಣ್ಣ, 22 ಅಥವಾ 24 ಇಂಚಿನ ಫ್ರೇಮು, 28 ಇಂಚಿನ ಗಾಲಿ. ಇಂಗ್ಲೆಂಡಿನ ರೋಡ್‌ಸ್ಟರ್ ಮಾದರಿ ಅದು. ಹ್ಯಾಂಡಲ್ ಕೆಳಗಿನ ಕೊಳವೆ, ಅಂದರೆ ಹೆಡ್ ಟ್ಯೂಬ್, ಹಿಂದಕ್ಕೆ ಚೆನ್ನಾಗಿ ವಾಲಿರುತ್ತೆ. ಕೋನ 70 ಡಿಗ್ರಿಗಿಂತ ಕಡಿಮೆ. ಎರಡು ಗಾಲಿಗಳ ನಡುವೆ ಅಂತರ ಜಾಸ್ತಿ. ಇದರಿಂದ ಹೊಂಡದ ರಸ್ತೆಯಲ್ಲೂ, ಭಾರ ಹೇರಿದಾಗಲೂ ಸೈಕಲ್ ಅಲುಗಾಡದೆ ನೇರ ಹೋಗುತ್ತೆ. ಮುಂಬೈಯ ಡಬ್ಬಾವಾಲಾ ಮೂವತ್ತು ನಲವತ್ತು ಡಬ್ಬಿ ತೂಗುಹಾಕಿಕೊಂಡು ಟ್ರಾಫಿಕ್‌ನಲ್ಲಿ ನುಸುಳೋದು ಇದೇ ಸೈಕಲ್ ಮೇಲೆ. ಆ ಕೆಲಸಕ್ಕೆ ಅದು ಬಹಳ ಒಳ್ಳೆಯ ವಿನ್ಯಾಸ. ರೇಸಿಂಗ್ ಫ್ರೇಮಿನಲ್ಲಿ ಈ ಕೋನ ಸಾಮಾನ್ಯವಾಗಿ 72–74 ಡಿಗ್ರಿ. ಗಾಲಿಗಳು ಹತ್ತಿರ, ಹ್ಯಾಂಡಲ್ ಚುರುಕು. ಜಿಯಾಮೆಟ್ರಿ ಅಂದರೆ ಇದೇ: ಯಾವ ಕೊಳವೆ ಎಷ್ಟುದ್ದ, ಎಷ್ಟು ಕೋನದಲ್ಲಿ ಸೇರುತ್ತೆ ಅನ್ನೋ ಲೆಕ್ಕ.

ನಮ್ಮ ಕಾರ್ಖಾನೆಗಳೆಲ್ಲ ಮಾಡಿದ್ದು ರೋಡ್‌ಸ್ಟರನ್ನೇ. ವರ್ಳಿಯ ಹಿಂದ್, ಆಸನ್‌ಸೋಲ್‌ನ ಸೆನ್-ರ‍್ಯಾಲಿ, 1949ರಲ್ಲಿ ಶುರುವಾದ ಮದರಾಸಿನ ಟಿಐ ಸೈಕಲ್ಸ್, ಸೋನಿಪತ್‌ನ ಅಟ್ಲಾಸ್, 1956ರ ಲೂಧಿಯಾನದ ಹೀರೋ, ಎಲ್ಲರಿಗೂ ಅದೇ ಗುರಿ: ಹಾಲಿನವರು, ಪೋಸ್ಟ್‌ಮ್ಯಾನ್, ಮಾಸ್ತರು, ರೈತ ಎಲ್ಲರಿಗೂ ಒಗ್ಗೋ ಒಂದೇ ಸೈಕಲ್, ಆದಷ್ಟು ಅಗ್ಗವಾಗಿ. ಅದರಲ್ಲಿ ಗೆದ್ದರು ಕೂಡ. 1986ರಲ್ಲಿ ಪ್ರಪಂಚದಲ್ಲೇ ಅತಿ ಹೆಚ್ಚು ಸೈಕಲ್ ತಯಾರಿಸೋ ಕಂಪನಿ ಅಂತ ಹೀರೋ ಹೆಸರು ಗಿನ್ನೆಸ್ ಪುಸ್ತಕಕ್ಕೆ ಹೋಯಿತು. ವರ್ಳಿಯ ಕಂಪನಿಗೆ ಆ ಅದೃಷ್ಟ ಇರಲಿಲ್ಲ. ನಷ್ಟದಲ್ಲಿ ಮುಳುಗಿ, 1980ರಲ್ಲಿ ಸಂಸತ್ತು ಕಾಯ್ದೆ ಮಾಡಿ ಸೆನ್-ರ‍್ಯಾಲಿ ಜೊತೆಗೆ ಅದನ್ನೂ ರಾಷ್ಟ್ರೀಕರಣ ಮಾಡಿತು. ನ್ಯಾಷನಲ್ ಬೈಸಿಕಲ್ ಕಾರ್ಪೊರೇಷನ್ ಅನ್ನೋ ಹೆಸರಲ್ಲಿ ಕೆಲವು ವರ್ಷ ನಡೆದು ಕೊನೆಗೆ ಮುಚ್ಚಿತು.

ಈ ಒಂದೇ ಅಳತೆಯ ಬೆಲೆ ಕೊಟ್ಟಿದ್ದು ಯಾರು? ನಾವೇ. ಅಪ್ಪನ ಸೈಕಲ್‌ನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಫ್ರೇಮ್ ಬದಲಾಗಲ್ಲ, ಮೈಯೇ ಅದಕ್ಕೆ ಹೊಂದಿಕೊಳ್ಳಬೇಕು ಅನ್ನೋದು ಬಾಲ್ಯದಲ್ಲೇ ಕಲಿತ ಪಾಠ. ಶಾಲೆಗೆ ಹೋಗೋಕೆ ಅದು ಸಾಕು. ರೇಸಿಗೆ ಸಾಲದು. ಹದಿನಾಲ್ಕು ವರ್ಷದ ಗಿಡ್ಡ ಹುಡುಗಿಯೊಬ್ಬಳು ಹಿರಿಯರು ಬಿಟ್ಟುಕೊಟ್ಟ ದೊಡ್ಡ ಫ್ರೇಮಿನ ಮೇಲೆ ದಿನಕ್ಕೆ ನೂರು ಕಿಲೋಮೀಟರ್ ತುಳಿದರೆ, ಕೆಡೋದು ಅವಳ ಮೊಣಕಾಲು. ಒಂದು ಸೆಂಟಿಮೀಟರ್ ವ್ಯತ್ಯಾಸ ಅಂದರೆ ನಮಗೆ ಏನೂ ಅಲ್ಲ. ಗಂಟೆಗೆ 5,000 ಸಲ ಮಡಚೋ ಮೊಣಕಾಲಿಗೆ ಅದು ತುಂಬಾ ದೊಡ್ಡದು.

ಯುರೋಪಿನಲ್ಲಿ ಇದು ಬೇರೆ ಥರ ಬೆಳೀತು. ಇಟಲಿಯ ಮಿಲಾನ್‌ನಲ್ಲಿ ವಿಗೊರೆಲ್ಲಿ ಅನ್ನೋ ಪ್ರಸಿದ್ಧ ಸೈಕಲ್ ಟ್ರ್ಯಾಕ್ ಇದೆ. ಅದರ ಕೆಳಗೇ ಫಾಲಿಯೆರೊ ಮಾಸಿ ಅನ್ನೋ ಕುಶಲಕರ್ಮಿಯ ಅಂಗಡಿ. ರೇಸು ಮೇಲೆ, ಬೆಸುಗೆ ಕೆಳಗೆ. ಪಟು ಇಳಿದು ಬಂದು ‘ಸ್ವಲ್ಪ ಉದ್ದ ಆಯಿತು’ ಅಂದರೆ ಮುಂದಿನ ಫ್ರೇಮು ಅಷ್ಟು ಗಿಡ್ಡ. ದರ್ಜಿ ಹತ್ತಿರ ಅಂಗಿ ಹೊಲಿಸಿದ ಹಾಗೆ. 1972ರಲ್ಲಿ ಎಡ್ಡಿ ಮರ್ಕ್ಸ್ ಮೆಕ್ಸಿಕೋದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದು ದಾಖಲೆ ಮಾಡಿದ ಸೈಕಲ್ ಕೂಡ ಅಂಥದ್ದೇ, ಅವರಿಗಾಗಿ ಎರ್ನೆಸ್ಟೊ ಕೊಲ್ನಾಗೊ ಕಟ್ಟಿಕೊಟ್ಟಿದ್ದು.

ಇದು ಸಾಧ್ಯ ಆಗಿದ್ದು ಉಕ್ಕಿನಿಂದ. ಉಕ್ಕಿನ ಫ್ರೇಮ್ ಕಟ್ಟೋ ಕೆಲಸ ಹೀಗೆ: ಅಳತೆ ತಗೊಂಡು ನಕ್ಷೆ ಬರೀತಾರೆ, ಕೊಳವೆಗಳನ್ನ ಬೇಕಾದ ಉದ್ದಕ್ಕೆ, ಬೇಕಾದ ಓರೆಗೆ ಕತ್ತರಿಸ್ತಾರೆ, ಚೌಕಟ್ಟಿನಲ್ಲಿ ಬಿಗಿದು ಹಿತ್ತಾಳೆ ಅಥವಾ ಬೆಳ್ಳಿ ಬೆಸುಗೆ ಹಾಕ್ತಾರೆ. ನಿಮ್ಮ ಟಾಪ್ ಟ್ಯೂಬ್ 54ರ ಬದಲು 52.5 ಸೆಂಟಿಮೀಟರ್ ಬೇಕೇ? ಗರಗಸ ಒಂದೂವರೆ ಸೆಂಟಿಮೀಟರ್ ಆಚೆ ಇಟ್ಟರಾಯಿತು, ಹೊಸ ಯಂತ್ರ ಬೇಡ. ಕಾರ್ಬನ್ ಹಾಗಲ್ಲ. ಸಾಮಾನ್ಯವಾಗಿ ಒಂದೊಂದು ಸೈಜಿಗೂ ಬೇರೆ ಅಚ್ಚು, ಅಚ್ಚಿಗೆ ದೊಡ್ಡ ಖರ್ಚು. ಒಬ್ಬರಿಗಾಗಿ ಅಚ್ಚು ಮಾಡಿಸಿದರೆ ಬೆಲೆ ಆಕಾಶಕ್ಕೆ.

ಹಾಗಾದರೆ ಯುರೋಪಿನಲ್ಲೂ ಅಳತೆಯ ಫ್ರೇಮ್ ಯಾಕೆ ಕಡಿಮೆ ಆಯಿತು? 1990ರ ದಶಕದ ಕೊನೆಗೆ ತೈವಾನಿನ ಜೈಂಟ್ ಕಂಪನಿ ಟಿಸಿಆರ್ ಅನ್ನೋ ರೇಸಿಂಗ್ ಸೈಕಲ್ ತಂತು. ವಿನ್ಯಾಸ ಮೈಕ್ ಬರೋಸ್ ಅನ್ನೋ ಇಂಗ್ಲಿಷ್ ಎಂಜಿನಿಯರ್‌ದು. ನೆಲಕ್ಕೆ ಸಮನಾಗಿದ್ದ ಟಾಪ್ ಟ್ಯೂಬನ್ನ ಹಿಂದಕ್ಕೆ ಇಳಿಜಾರು ಮಾಡಿದರು. ಆಮೇಲೆ ಹತ್ತಾರು ಸೈಜು ಬೇಕಾಗಲಿಲ್ಲ. ಸ್ಮಾಲ್, ಮೀಡಿಯಂ, ಲಾರ್ಜ್ ಸಾಕು, ಉಳಿದದ್ದು ಸೀಟ್ ಪೋಸ್ಟು, ಹ್ಯಾಂಡಲ್ ಸ್ಟೆಮ್ ಉದ್ದದಲ್ಲಿ ಸರಿಹೋಗುತ್ತೆ. ಕಡಿಮೆ ಸೈಜು ಅಂದರೆ ಕಡಿಮೆ ಸ್ಟಾಕು, ಕಡಿಮೆ ಬೆಲೆ. ಒಳ್ಳೆ ರೇಸಿಂಗ್ ಫ್ರೇಮು ನಮ್ಮ ನಿಮ್ಮಂಥವರ ಕೈಗೆ ಬಂದಿದ್ದು ಇದರಿಂದ, ಅದನ್ನ ಒಪ್ಪಲೇಬೇಕು. ಆದರೆ ದರ್ಜಿ ಅಂಗಡಿ ಹೋಗಿ ರೆಡಿಮೇಡ್ ಬಂದಿದ್ದೂ ಇದರಿಂದಲೇ. ನಡುವಿನ ಮೈಕಟ್ಟಿನವರಿಗೆ ಲಾಭ, ತೀರಾ ಗಿಡ್ಡ, ತೀರಾ ಎತ್ತರ, ಕಾಲುದ್ದ ಮೈಗಿಡ್ಡ ಇರೋರಿಗೆ ನಷ್ಟ.

ತನ್ನ ಸೈಕಲ್ ತಾನೇ ಕಟ್ಟಿಕೊಂಡವನೊಬ್ಬ ಇದ್ದ. ಸ್ಕಾಟ್ಲೆಂಡಿನ ಗ್ರೇಮ್ ಒಬ್ರೀ. ದೊಡ್ಡ ಪ್ರಾಯೋಜಕರಿಲ್ಲ, ಕೈಯಲ್ಲಿ ಕಾಸಿಲ್ಲ. ತಲೆಯಲ್ಲಿ ಮಾತ್ರ ತನ್ನದೇ ಕೂರುವ ಭಂಗಿ. ಅದಕ್ಕೆ ತಕ್ಕ ಫ್ರೇಮು ತಾನೇ ಮಾಡಿ, ಹಳೇ ವಾಷಿಂಗ್ ಮೆಷಿನ್ನಿನ ಬೇರಿಂಗ್ ಹಾಕಿದ. 1993ರ ಜುಲೈ 17ರಂದು ನಾರ್ವೆಯಲ್ಲಿ ಗಂಟೆಗೆ 51.596 ಕಿಲೋಮೀಟರ್ ತುಳಿದು ವಿಶ್ವದಾಖಲೆ ಮಾಡಿದ. ಆರೇ ದಿನದಲ್ಲಿ ಕ್ರಿಸ್ ಬೋರ್ಡ್‌ಮನ್ ಅದನ್ನ ಮುರಿದ, ಅದು ಬೇರೆ ಮಾತು. ಅಗ್ಗ ಮತ್ತು ಅಳತೆ ಎರಡೂ ಒಟ್ಟಿಗೆ ಸಾಧ್ಯ ಅಂತ ಒಬ್ರೀ ತೋರಿಸಿಕೊಟ್ಟಿದ್ದ.

ಈಗ ನಮ್ಮ ಪ್ರಶ್ನೆಗೆ ಬರೋಣ. ಇವತ್ತು ಮುಂಬೈಯಲ್ಲಿ ಕೂತು ಏನು ಮಾಡಬಹುದು?

ಮೊದಲು ಅಳತೆ, ಆಮೇಲೆ ಫ್ರೇಮು. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ದಪ್ಪ ಪುಸ್ತಕವೊಂದನ್ನ ತೊಡೆಸಂದಿಗೆ ಬಿಗಿಯಾಗಿ ಒತ್ತಿ, ನೆಲದಿಂದ ಅದರ ಮೇಲಂಚಿಗೆ ಅಳೆಯಿರಿ. ಅದನ್ನ 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನ ನಡುವಿನಿಂದ ಸೀಟಿನ ಮೇಲಿನವರೆಗಿನ ಎತ್ತರ ಅಂದಾಜು ಸಿಗುತ್ತೆ. 78 ಸೆಂಟಿಮೀಟರ್ ಇದ್ದರೆ 68.9. ಇದು ಶುರು ಅಷ್ಟೇ. ಮೈ ನೋಡಿ ಸೈಕಲ್ ಹೊಂದಿಸೋ ಒಳ್ಳೆ ಫಿಟ್ಟರ್ ಹತ್ತಿರ ಹೋದರೆ ನಿಮಗೆ ಬೇಕಾದ ಎರಡು ಮುಖ್ಯ ಅಂಕಿ ಕೇಳಿ: ಸ್ಟ್ಯಾಕ್ ಮತ್ತು ರೀಚ್. ಪೆಡಲ್ ಅಚ್ಚಿನಿಂದ ಹೆಡ್ ಟ್ಯೂಬಿನ ತಲೆ ಎಷ್ಟು ಮೇಲಿದೆ, ಎಷ್ಟು ಮುಂದಿದೆ ಅನ್ನೋ ಲೆಕ್ಕ ಅದು. ಮೀಡಿಯಂ ಅನ್ನೋ ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ, ಈ ಅಂಕಿ ಸುಳ್ಳು ಹೇಳಲ್ಲ.

ಹೆಚ್ಚಿನವರಿಗೆ ಅಂಗಡಿಯ ಯಾವುದಾದರೂ ಒಂದು ಫ್ರೇಮು ಇದಕ್ಕೆ ಹತ್ತಿರ ಬಂದೇ ಬರುತ್ತೆ. ಸ್ಟೆಮ್ ಒಂದೆರಡು ಸೆಂಟಿಮೀಟರ್ ಬದಲಾಯಿಸಿದರೆ ಕೆಲಸ ಮುಗೀತು. ಅಷ್ಟಾದರೂ ಹೊಂದದೇ ಇದ್ದರೆ ಮಾತ್ರ ಅಳತೆಯ ಫ್ರೇಮು. ಆಗ ಕಾರ್ಬನ್ ಆಸೆ ಬಿಟ್ಟು ಉಕ್ಕಿನ ಕಡೆ ತಿರುಗಿ. ಕೈಯಾರೆ ಫ್ರೇಮ್ ಕಟ್ಟೋರು ನಮ್ಮ ದೇಶದಲ್ಲೂ ಬೆರಳೆಣಿಕೆಯಷ್ಟಿದ್ದಾರೆ. ಅವರು ಹಿಂದೆ ಕಟ್ಟಿದ ಫ್ರೇಮ್ ತುಳಿದವರನ್ನ ಮಾತಾಡಿಸಿ, ನಕ್ಷೆ ಕಾಗದದ ಮೇಲೆ ಕೇಳಿ, ಕೊಳವೆ ಯಾವ ಕಂಪನಿದು ಅಂತ ಕೇಳಿ. ಟೈಟಾನಿಯಂ ಬೇಕು ಅನ್ನೋರಿಗೆ ಚೀನಾದಲ್ಲಿ ಒಂದೇ ಒಂದು ಫ್ರೇಮನ್ನೂ ಅಳತೆಗೆ ಮಾಡಿಕೊಡೋ ಕಾರ್ಖಾನೆಗಳಿವೆ. ಆದರೆ ಸುಂಕ ಮರೆಯಬೇಡಿ. ಪೂರ್ತಿ ಸೈಕಲ್ ಮೇಲಿನ ಆಮದು ಸುಂಕ 2023ರ ಬಜೆಟ್‌ನಲ್ಲಿ ಶೇ. 30ರಿಂದ 35ಕ್ಕೆ ಏರಿತ್ತು. ಬರೀ ಫ್ರೇಮಿಗೆ ಲೆಕ್ಕ ಬೇರೆ, ಹಣ ಕಳಿಸೋ ಮುಂಚೆ ವಿಚಾರಿಸಿ.

ಕೊನೆಗೆ ಒಂದು ಮಾತು. ನಮ್ಮ ಸಂಬಳದಲ್ಲಿ ಹೇಗೋ ಒಂದು ದಾರಿ ಸಿಗುತ್ತೆ. ತಿಕೋಟಾದಿಂದಲೋ ಜಮಖಂಡಿಯಿಂದಲೋ ಬರೋ ಹುಡುಗಿಗೆ ಸಿಗಬೇಕಲ್ಲ? ಮಿಲಾನಿನ ಟ್ರ್ಯಾಕಿನ ಕೆಳಗೆ ಇದ್ದದ್ದು ದೊಡ್ಡ ಕಾರ್ಖಾನೆ ಏನಲ್ಲ. ಕೊಳವೆ, ಗರಗಸ, ಬೆಸುಗೆ, ಅಳತೆ ತಗೊಳ್ಳೋ ಒಬ್ಬ ಮನುಷ್ಯ. ಕ್ರೀಡಾ ನಿಲಯ ಇರೋ ಒಂದೊಂದು ಊರಿನಲ್ಲೂ ಅಂಥದೊಂದು ಅಂಗಡಿ ಇದ್ದರೆ ಎಷ್ಟು ಮೊಣಕಾಲು ಉಳಿದಾವು. ಊರಿಗೆ ಹೋದಾಗ, ಸಂಘಗಳಲ್ಲಿ ದೇಣಿಗೆ ಮಾತು ಬಂದಾಗ, ಇದನ್ನೂ ಒಮ್ಮೆ ಎತ್ತಿ ನೋಡಿ.