ಘನೀಕೃತ ಅಶ್ವವೀರ್ಯ

ಬೀಜದ ಕುದುರೆಯ ವೀರ್ಯವನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟು, ಬೇಕಾದಾಗ ಕರಗಿಸಿ ಹೆಣ್ಣುಕುದುರೆಯ ಗರ್ಭಕೋಶಕ್ಕೆ ಸೇರಿಸುವ ವಿಧಾನ. ದನ, ಎಮ್ಮೆಗಳಲ್ಲಿ ಹಳ್ಳಿಹಳ್ಳಿಗೂ ತಲುಪಿರುವ ಈ ತಂತ್ರ ಕುದುರೆಯಲ್ಲಿ ತಡವರಿಸುತ್ತಲೇ ಬೆಳೆಯಿತು. ಕರ್ನಾಟಕದಲ್ಲಂತೂ ಇದಕ್ಕೆ ಅಡ್ಡ ನಿಂತದ್ದು ವಿಜ್ಞಾನಕ್ಕಿಂತ ಹೆಚ್ಚಾಗಿ ರೇಸಿನ ನಿಯಮ.

ಆರಂಭ

ಕೃತಕ ಗರ್ಭಧಾರಣೆಯಲ್ಲಿ ಕುದುರೆಯೇ ಮುಂದಿತ್ತು. 19ನೇ ಶತಮಾನದ ಕೊನೆಯಲ್ಲಿ ರಷ್ಯಾದ ಇಲ್ಯಾ ಇವಾನೊವ್ ಇದನ್ನು ವ್ಯವಸ್ಥಿತವಾಗಿ ಕೈಗೊಂಡದ್ದು ಕುದುರೆಗಳಲ್ಲಿ. ಆಗ ಬಳಸುತ್ತಿದ್ದುದು ತಾಜಾ ವೀರ್ಯ. ಹೆಪ್ಪುಗಟ್ಟಿಸಿದರೆ ಹಿಮದ ಹರಳುಗಳು ಜೀವಕೋಶವನ್ನು ಕೆಡಿಸುತ್ತಿದ್ದವು. 1949ರಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ಪೋಲ್ಜ್, ಆಡ್ರೆ ಸ್ಮಿತ್ ಮತ್ತು ಅಲನ್ ಪಾರ್ಕ್ಸ್ ಹುಂಜದ ವೀರ್ಯಾಣುಗಳನ್ನು ಗ್ಲಿಸರಾಲ್ ಬೆರೆಸಿ ಉಳಿಸಿಕೊಂಡರು. ಸಕ್ಕರೆಯ ದ್ರಾವಣ ಎಂದುಕೊಂಡಿದ್ದ ಬಾಟಲಿಯಲ್ಲಿ ಇದ್ದದ್ದು ಗ್ಲಿಸರಾಲ್ ಎಂದು ಆಮೇಲೆ ಗೊತ್ತಾಯಿತಂತೆ. ಹೋರಿಯ ವೀರ್ಯಕ್ಕೆ ಇದು ಬೇಗ ಒಗ್ಗಿತು. ಕುದುರೆಯ ಸರದಿ ಬಂದದ್ದು 1957ರಲ್ಲಿ: ಕೆನಡಾದ ಬಾರ್ಕರ್ ಮತ್ತು ಗ್ಯಾಂಡಿಯರ್, ವೃಷಣದ ಮೇಲಿನ ಸುರುಳಿನಾಳದಿಂದ ತೆಗೆದು ಹೆಪ್ಪುಗಟ್ಟಿಸಿದ ವೀರ್ಯಾಣುಗಳಿಂದ ಹೆಣ್ಣುಕುದುರೆ ಗಬ್ಬವಾದುದನ್ನು ವರದಿ ಮಾಡಿದರು.

ವಿಧಾನ

ದಿಂಬು ಸುತ್ತಿದ ಬೊಂಬೆಯ ಮೇಲೆ ಗಂಡುಕುದುರೆಯನ್ನು ಹತ್ತಿಸಿ ಕೃತಕ ಯೋನಿಯಲ್ಲಿ ವೀರ್ಯ ಹಿಡಿಯುತ್ತಾರೆ. ಅಂಟಾದ ಭಾಗವನ್ನು ಸೋಸಿ, ಯಂತ್ರದಲ್ಲಿ ತಿರುಗಿಸಿ ವೀರ್ಯರಸವನ್ನು ಬೇರ್ಪಡಿಸುತ್ತಾರೆ. ಕೆನೆ ತೆಗೆದ ಹಾಲು, ಮೊಟ್ಟೆಯ ಹಳದಿ, ಗ್ಲಿಸರಾಲ್ ಇರುವ ದ್ರಾವಣ ಬೆರೆಸಿ ಅರ್ಧ ಮಿಲಿಲೀಟರ್ ಸ್ಟ್ರಾಗಳಲ್ಲಿ ತುಂಬುತ್ತಾರೆ. ದನಕ್ಕೆ ಕಾಲು ಮಿಲಿಲೀಟರಿನ ಒಂದು ಸ್ಟ್ರಾ, ಅದರಲ್ಲಿ ಸುಮಾರು 2 ಕೋಟಿ ವೀರ್ಯಾಣು ಸಾಕು. ಕುದುರೆಗೆ ಚುರುಕಾಗಿ ಚಲಿಸುವ ವೀರ್ಯಾಣುಗಳೇ 25 ಕೋಟಿಯಷ್ಟು ಬೇಕು; ಅದಕ್ಕೆ ಸಾಮಾನ್ಯವಾಗಿ ಎಂಟು ಸ್ಟ್ರಾ ಹಿಡಿಯುತ್ತದೆ.

ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಹೆಣ್ಣುಕುದುರೆಯ ಬೆದೆ ಹಲವು ದಿನ ಇರುತ್ತದೆ, ಕರಗಿಸಿದ ವೀರ್ಯವೋ ಹೆಚ್ಚು ಹೊತ್ತು ಬಾಳದು. ಅಂಡ ಬಿಡುಗಡೆಯಾಗುವ ಗಳಿಗೆಯನ್ನು ವೈದ್ಯರು ಅಲ್ಟ್ರಾಸೌಂಡ್ ಹಿಡಿದು ಕಾಯಬೇಕು. ಇನ್ನು, ಎಲ್ಲ ಗಂಡುಕುದುರೆಗಳ ವೀರ್ಯವೂ ಈ ಚಳಿಯನ್ನು ಒಂದೇ ರೀತಿ ತಾಳುವುದಿಲ್ಲ. ದನಗಳ ವೀರ್ಯ ಕೇಂದ್ರಗಳಲ್ಲಿ ಚಳಿ ತಾಳುವ ಗುಣವಿಲ್ಲದ ಹೋರಿಗೆ ಜಾಗವಿಲ್ಲ. ಕುದುರೆಯನ್ನು ಆರಿಸುವವರಾದರೋ ನೋಡುವುದು ಓಟ, ಮೈಕಟ್ಟು, ವಂಶ.

ಕರ್ನಾಟಕದಲ್ಲಿ

ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲಾದದ್ದು ಮೈಸೂರು ಅರಮನೆಯ ಡೈರಿ ಫಾರ್ಮಿನಲ್ಲಿ. 1939ರಲ್ಲಿ ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯದಿಂದ ಹಳ್ಳಿಕಾರ್ ಹಸುಗಳನ್ನು ಗಬ್ಬ ಮಾಡಿಸಿದರು. 33 ಹಸುಗಳು ಗಬ್ಬ ನಿಂತವು. ಡೆನ್ಮಾರ್ಕಿನ ನೆರವಿನಿಂದ 1969ರಲ್ಲಿ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಕೇಂದ್ರ ಆರಂಭವಾಯಿತು. ಇಂದು ಕರಾವಳಿಯ ಪರ್ಕಳ, ಕಾಪು, ಕಾರ್ಕಳದ ಕಡೆ ಹಟ್ಟಿಯಲ್ಲಿ ದನ ಬೆದೆಗೆ ಬಂದರೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸುವುದು ಮಾಮೂಲು. ಆ ಸೀಮೆಯಲ್ಲಿ ಓಟವೆಂದರೆ ಕಂಬಳದ ಕೋಣದ್ದು; ಕುದುರೆಯ ಕಥೆಗೆ ಘಟ್ಟ ಹತ್ತಬೇಕು.

ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮ್ ಟಿಪ್ಪು ಸುಲ್ತಾನನ ಕಾಲದ ಸೈನ್ಯದ ಕುದುರೆಗಳ ನಂಟಿರುವ ಜಾಗ. ಆಮೇಲೆ ಬ್ರಿಟಿಷರ ದಂಡಿಗೆ ಒದಗಿ, ಕೊನೆಗೆ ರೇಸಿನ ಥರೋಬ್ರೆಡ್ ತಳಿಯ ಕುದುರೆಗಳ ತವರಾಯಿತು. 1992ರಲ್ಲಿ ಗುತ್ತಿಗೆಯ ಮೇಲೆ ಯುಬಿ ಸಮೂಹದ ಕೈಗೆ ಬಂತು. ಹೆಸರಘಟ್ಟದ ತಂತ್ರ ಇಲ್ಲಿನ ಥರೋಬ್ರೆಡ್‌ಗಳಿಗೆ ದಕ್ಕಲಿಲ್ಲ. ಗಂಡು ಹೆಣ್ಣು ನೇರವಾಗಿ ಕೂಡಿ ಹುಟ್ಟಿದ ಮರಿಯನ್ನಷ್ಟೇ ಜಗತ್ತಿನ ಥರೋಬ್ರೆಡ್ ವಂಶಾವಳಿ ಪುಸ್ತಕಗಳು ದಾಖಲಿಸುತ್ತವೆ. ಪುಣೆಯ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾ ಕೂಡ ಇದೇ ಸಾಲಿನಲ್ಲಿದೆ. ದಾಖಲೆಯಿಲ್ಲದ ಮರಿ ಬೆಂಗಳೂರು, ಮೈಸೂರಿನ ರೇಸ್‌ಕೋರ್ಸಿನಲ್ಲಿ ಥರೋಬ್ರೆಡ್ ಎನಿಸಿಕೊಂಡು ಓಡಲಾರದು.

ನಿಯಮಕ್ಕೆ ಕೊಡುವ ಕಾರಣ ವಂಶಶುದ್ಧಿ ಮತ್ತು ತಳಿಯ ವೈವಿಧ್ಯ. ಒಂದೇ ಕುದುರೆಯ ವೀರ್ಯ ಸಾವಿರಾರು ಹೆಣ್ಣುಕುದುರೆಗಳಿಗೆ ಹೋದರೆ ತಳಿ ಕಿರಿದಾಗುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಡಿಎನ್‌ಎ ಪರೀಕ್ಷೆ ಬಂದ ಮೇಲೆ ತಂದೆ ಯಾರೆಂಬ ಅನುಮಾನದ ವಾದ ಮಾತ್ರ ನಿಲ್ಲುವುದಿಲ್ಲ. ಬೀಜದ ಕುದುರೆಯ ಶುಲ್ಕ ಇಳಿಯಬಾರದೆಂಬ ಲೆಕ್ಕಾಚಾರವೂ ಇದರ ಹಿಂದಿದೆ. ಆಸ್ಟ್ರೇಲಿಯಾದಲ್ಲಿ ಬ್ರೂಸ್ ಮೆಕ್‌ಹ್ಯೂ ಎಂಬವರು ಕೃತಕ ಗರ್ಭಧಾರಣೆಯ ಈ ನಿಷೇಧವನ್ನು ನ್ಯಾಯಾಲಯಕ್ಕೆ ಒಯ್ದರು. 2012ರ ಡಿಸೆಂಬರಿನಲ್ಲಿ ಸೋತರು.

ಇತರ ತಳಿಗಳು

ಥರೋಬ್ರೆಡ್ ಬಿಟ್ಟರೆ ದಾರಿ ತೆರೆದಿದೆ. ಹಿಸಾರ್‌ನಲ್ಲಿ 1985ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ, ಬಿಕಾನೇರ್‌ನ ತನ್ನ ಶಾಖೆಯೊಂದಿಗೆ ಮಾರ್ವಾಡಿ, ಝಂಸ್ಕಾರಿ ಕುದುರೆಗಳ ವೀರ್ಯವನ್ನು ಕಾಪಿಡುವ ಕೆಲಸ ಮಾಡಿದೆ. ಹೇಸರಗತ್ತೆಗಳನ್ನು ಪಡೆಯಲು ಪೊಯಿಟು ಕತ್ತೆಯ ವೀರ್ಯವನ್ನೂ ಹೆಪ್ಪುಗಟ್ಟಿಸಿದ್ದಾರೆ. 2023ರ ಮೇ ತಿಂಗಳಲ್ಲಿ ಬಿಕಾನೇರ್‌ನಲ್ಲಿ ಇನ್ನೊಂದು ತಂತ್ರವಾದ ಭ್ರೂಣ ವರ್ಗಾವಣೆಯಿಂದ ‘ರಾಜ್-ಪ್ರಥಮಾ’ ಎಂಬ ಮಾರ್ವಾಡಿ ಹೆಣ್ಣುಮರಿ ಬಾಡಿಗೆ ತಾಯಿಯ ಹೊಟ್ಟೆಯಲ್ಲಿ ಹುಟ್ಟಿತು. ತೂಕ 23 ಕೆ.ಜಿ. ಥರೋಬ್ರೆಡ್ ಪುಸ್ತಕದಲ್ಲಿ ಭ್ರೂಣ ವರ್ಗಾವಣೆಗೂ ಜಾಗವಿಲ್ಲ.