ಬ್ರೆಜ್ಯೆ ಯಾತ್ರಾಸ್ಥಳದ ಆರಂಭಕಾಲ: ಮೂರು ತೇದಿಗಳ ಪರಿಶೀಲನೆ

1. ವಿಷಯ
ಬ್ರೆಜ್ಯೆ ವಾಯವ್ಯ ಸ್ಲೊವೇನಿಯಾದ ಗೊರೆನ್ಸ್ಕಾ ಸೀಮೆಯ ಸಣ್ಣ ಹಳ್ಳಿ. ಇಲ್ಲಿನ ‘ಮರಿಯಾ ಪೊಮಾಗಾಯ್’ (ಸಹಾಯಮಾತೆ) ಸನ್ನಿಧಿ ಆ ದೇಶದ ಕ್ಯಾಥೊಲಿಕರ ಪ್ರಮುಖ ಯಾತ್ರಾಸ್ಥಳ. ಇದರ ಮೂಲವನ್ನು ಹೇಳುವಾಗ 1800, 1814, 1863 ಎಂಬ ಮೂರು ವರ್ಷಗಳು ಕಾಣಿಸಿಕೊಳ್ಳುತ್ತವೆ. ಇವು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಮೊದಲನೆಯದು ಉಪಾಲಯದ್ದು, ಎರಡನೆಯದು ಚಿತ್ರದ್ದು, ಮೂರನೆಯದು ಯಾತ್ರೆಯದ್ದು.

2. ಉಪಾಲಯ ಮತ್ತು ಚಿತ್ರ
ಮೊಶ್ನ್ಯೆಯ ಗುರು ಉರ್ಬನ್ ಅಜ್ಬೆ ಬ್ರೆಜ್ಯೆಯ ಸಂತ ವೀಟಸ್ ಇಗರ್ಜಿಗೆ ಸಹಾಯಮಾತೆಯ ಉಪಾಲಯವನ್ನು ಸೇರಿಸಿ ಕಟ್ಟಿಸಿದ್ದು 1800ರಲ್ಲಿ. ಈಗ ಪೂಜಿತವಾಗಿರುವ ಚಿತ್ರವನ್ನು ಕ್ರಾನ್ಯ್ ಪಟ್ಟಣದ ಲೆಯೊಪೋಲ್ಡ್ ಲಾಯರ್ (1752–1828) ಬರೆದದ್ದು 1814ರಲ್ಲಿ. ಎಂದರೆ ಹೆಸರು ಚಿತ್ರಕ್ಕಿಂತ ಹದಿನಾಲ್ಕು ವರ್ಷ ಹಳೆಯದು. ಚಿತ್ರದಿಂದ ಸ್ಥಳಕ್ಕೆ ಹೆಸರು ಬಂತೆನ್ನುವ ಊಹೆ ನಿಲ್ಲದು.

ಚಿತ್ರದ ಮಾದರಿ ಇನ್ಸ್‌ಬ್ರುಕ್‌ನಲ್ಲಿರುವ, ಹಿರಿಯ ಲೂಕಾಸ್ ಕ್ರಾನಾಖ್ ಬರೆದ ಹದಿನಾರನೆಯ ಶತಮಾನದ ಕೃತಿ. ಆ ಮಾದರಿಯ ಪ್ರತಿಗಳು ಆಲ್ಪ್ಸ್ ಸೀಮೆಯಲ್ಲೆಲ್ಲ ಹರಡಿದ್ದವು. ಲಾಯರ್‌ನದು ಆ ಸಾಲಿಗೆ ತಡವಾಗಿ ಸೇರಿದ್ದು.

3. ಹರಕೆಯ ಐತಿಹ್ಯ
ಖೋಟಾ ನೋಟಿನ ಆರೋಪದ ಮೇಲೆ ಫ್ರೆಂಚರ ಆಳ್ವಿಕೆಯಲ್ಲಿ ಸೆರೆಮನೆ ಸೇರಿದ್ದ ಲಾಯರ್, ಬಿಡುಗಡೆಯಾದರೆ ಉಪಾಲಯಕ್ಕೆ ಚಿತ್ರ ಬರೆದುಕೊಡುವೆನೆಂದು ಹರಕೆ ಹೊತ್ತನಂತೆ. ಈ ಸೀಮೆಯೂ ಸೇರಿದ್ದ ಇಲಿರಿಯನ್ ಪ್ರಾಂತಗಳ ಫ್ರೆಂಚ್ ಆಡಳಿತ 1809ರಲ್ಲಿ ತೊಡಗಿ 1813ರಲ್ಲಿ ಕುಸಿಯಿತು. ಮರುವರ್ಷವೇ ಚಿತ್ರ ಸಿದ್ಧವಾದದ್ದು ಕಥೆಗೆ ಹೊಂದುತ್ತದೆ. ಆದರೆ ಈ ಹೊಂದಿಕೆಯಿಂದ ಸಿಗುವುದು ಸಂಭವನೀಯತೆ ಮಾತ್ರ: ಸೆರೆವಾಸ ನಿಜವೆಂದಾದರೂ ಹರಕೆ ನಿಜವೆಂದು ಅದರಿಂದಲೇ ಸಿದ್ಧವಾಗುವುದಿಲ್ಲ.

4. 1863 ಮತ್ತು ನಂತರ
ಚಿತ್ರ ಸ್ಥಾಪನೆಯಾದ ಸುಮಾರು ಅರ್ಧ ಶತಮಾನದ ಬಳಿಕ, 1863ರಲ್ಲಿ, ರೋಗಿಗಳು ಹಠಾತ್ತನೆ ಗುಣವಾದರೆಂಬ ವರದಿಗಳು ಹಬ್ಬಿದವು. ದೂರದೂರುಗಳಿಂದ ದೊಡ್ಡ ಪ್ರಮಾಣದ ಯಾತ್ರೆಗೆ ಚಾಲನೆ ಸಿಕ್ಕಿದ್ದು ಆಗಲೇ. ಹಳೆಯ ಇಗರ್ಜಿ ಸಾಲದೆ 1889ರಲ್ಲಿ ರಾಬರ್ಟ್ ಮಿಕೊವಿಚ್‌ನ ನಕ್ಷೆಯಂತೆ ಹೊಸದರ ಕೆಲಸ ಆರಂಭವಾಯಿತು; 1900ರಲ್ಲಿ ಅದರ ಪ್ರತಿಷ್ಠೆ. 1907ರಲ್ಲಿ ಧರ್ಮಾಧ್ಯಕ್ಷ ಆಂಟನ್ ಬೊನವೆಂತುರಾ ಯೆಗ್ಲಿಚ್ ಚಿತ್ರಕ್ಕೆ ಕಿರೀಟಧಾರಣೆ ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ಲ್ಯುಬ್ಲ್ಯಾನಾ ಸೇರಿದ ಚಿತ್ರ 1947ರಲ್ಲಿ ಮರಳಿತು. ಬಸಿಲಿಕಾ ಪದವಿ ದೊರೆತದ್ದು 1988ರಲ್ಲಿ.

5. ಜಾನಪದ ಸಾಮಗ್ರಿ
 

ಈ ತೇದಿಗಳನ್ನು ಬಳಸುವಾಗ ಎಚ್ಚರ ಬೇಕಾದದ್ದು ಗೊರೆನ್ಸ್ಕಾ ಸೀಮೆಯ ಜೇನುಪೆಟ್ಟಿಗೆಗಳ ಮುಂಭಾಗದ ಚಿತ್ರಹಲಗೆಗಳ ವಿಷಯದಲ್ಲಿ. ಇವುಗಳಲ್ಲಿ ಮಾತೆ ಮತ್ತು ಮಗುವಿನ ಚಿತ್ರ ಸಾಮಾನ್ಯ; ಬ್ರೆಜ್ಯೆಯ ನೆರೆಯಲ್ಲಿ ಕಂಡೊಡನೆ ಅದನ್ನು ಇಲ್ಲಿನ ಸನ್ನಿಧಿಗೆ ಜೋಡಿಸುವ ಆಸೆ ಸಹಜ. ಆದರೆ ತೇದಿಯುಳ್ಳ ಅತಿ ಹಳೆಯ ಹಲಗೆ 1758ರದ್ದು, ಲಾಯರ್‌ನ ಚಿತ್ರಕ್ಕಿಂತ 56 ವರ್ಷ ಹಿಂದಿನದು. ಆದ್ದರಿಂದ 1814ಕ್ಕೆ ಮುಂಚಿನ ಹಲಗೆಗಳನ್ನು ಈ ಚಿತ್ರದ ಪ್ರಭಾವದ ಚರ್ಚೆಯಿಂದ ಕೈಬಿಡಬೇಕು. ನಂತರದ ಹಲಗೆಗಳಲ್ಲಿ ಮಗು ತಾಯಿಯ ಕೆನ್ನೆಗೆ ಕೆನ್ನೆ ತಾಗಿಸಿರುವ ಭಂಗಿಯನ್ನು ಗುರುತಾಗಿ ಹಿಡಿಯಬಹುದಾದರೂ, ಅದು ಇನ್ಸ್‌ಬ್ರುಕ್ ಮಾದರಿಯ ಎಲ್ಲ ಪ್ರತಿಗಳಿಗೂ ಸಮಾನ. ಹಲಗೆಯ ಮೇಲೆ ಬ್ರೆಜ್ಯೆಯ ಹೆಸರೋ ಇಗರ್ಜಿಯ ಆಕೃತಿಯೋ ಇದ್ದರೆ ಮಾತ್ರ ಸಂಬಂಧವನ್ನು ಖಚಿತವೆನ್ನಬಹುದು.